ಹೆಸರು ಜಪಾನಿ, ಭಾಷೆ ಮಾತ್ರ ಬರಲ್ಲ: ಯಾಕೆ?

ಕಾಫಿಪ್ರಿಯ: ಕ್ಯಾಲಿಫೋರ್ನಿಯಾದ ಕಾಲೇಜಿನಲ್ಲಿ ಮೊದಲ ವರ್ಷದ ಜಪಾನಿ ಕ್ಲಾಸಿಗೆ ಸೇರಿದ್ದೇನೆ. ಪಕ್ಕದಲ್ಲಿ ಕೂರುವ ಹುಡುಗನ ಮನೆತನದ ಹೆಸರು ಅಪ್ಪಟ ಜಪಾನಿ. ಆದರೆ ಹಿರಗಾನ ಅಕ್ಷರಗಳನ್ನು ನನ್ನ ಜೊತೆಗೇ ತಿದ್ದುತ್ತಿದ್ದಾನೆ. ನಾಲ್ಕೇ ತಲೆಮಾರಿನಲ್ಲಿ ಭಾಷೆ ಹೀಗೆ ಹೋಗಬೇಕಾದರೆ, ಅದು ಉದಾಸೀನ ಅಲ್ವಾ?

ತುಂಗಾತೀರ: ಉದಾಸೀನ ಅನ್ನುವ ಮುಂಚೆ 1942 ನೆನಪಿಸಿಕೊಳ್ಳಿ. ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ಮೇಲೆ ಅಮೆರಿಕ ಸರ್ಕಾರ ಸುಮಾರು 1,20,000 ಜಪಾನಿ ಮೂಲದವರನ್ನು ಮನೆಯಿಂದ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಲ್ಲಿ ಇಟ್ಟಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಜಪಾನಿ ಶಾಲೆಗಳು ಮುಚ್ಚಿದವು. ಎಷ್ಟೋ ಮನೆಯವರು ಜಪಾನಿ ಪುಸ್ತಕ, ಕಾಗದಗಳನ್ನು ತಾವೇ ಸುಟ್ಟರು. ಅಲ್ಲಿಂದ ಹೊರಬಂದವರು ಮಕ್ಕಳ ಜೊತೆ ಇಂಗ್ಲಿಷೇ ಆಡಿದರೆ ತಪ್ಪೇನು?

ಲೆಕ್ಕದಮೇಷ್ಟ್ರು: ಎಲ್ಲವನ್ನೂ ಶಿಬಿರದ ತಲೆಗೆ ಕಟ್ಟಬೇಡಿ. 1941ರಲ್ಲೇ ಅಮೆರಿಕದ ಸೇನೆ ಜಪಾನಿ ಬಲ್ಲ ನಿಸೆಯ್ ಸೈನಿಕರನ್ನು, ಅಂದರೆ ಎರಡನೇ ತಲೆಮಾರಿನವರನ್ನು ಹುಡುಕಿತ್ತು. ಮೊದಲು ಪರೀಕ್ಷಿಸಿದ 3,700 ಮಂದಿಯಲ್ಲಿ ಚೆನ್ನಾಗಿ ಬಲ್ಲವರು ನೂರಕ್ಕೆ 3. ಯುದ್ಧಕ್ಕೆ ಮೊದಲೇ ಭಾಷೆ ಸವೆದಿತ್ತು.

ತುಂಗಾತೀರ: ಮೇಷ್ಟ್ರೇ, ಸೇನೆಗೆ ಬೇಕಿದ್ದದ್ದು ಶತ್ರುವಿನ ಕಾಗದಪತ್ರ ಓದುವವರು. ಅಮ್ಮನ ಹತ್ತಿರ ಊಟ ಕೇಳುವ ಜಪಾನಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ರಾತ್ರಿಪಾಳಿ: ಇದೇ ಇವತ್ತಿನ ಕಾಲೇಜಿನ ತಲೆನೋವೂ ಹೌದು. ನನ್ನ ರೂಮ್‌ಮೇಟ್‌ ಅಪ್ಪ ಅಮ್ಮ ಈಚೆಗೆ ಜಪಾನಿನಿಂದ ಬಂದವರು. ಇಂಥ ಮಕ್ಕಳಿಗೆ ಶಿನ್-ನಿಸೆಯ್, ಅಂದರೆ ಹೊಸ ಎರಡನೇ ತಲೆಮಾರು, ಅಂತಾರೆ. ಅಜ್ಜಿ ಜೊತೆ ಫೋನಿನಲ್ಲಿ ಪಟಪಟ ಮಾತಾಡ್ತಾಳೆ. ಜಪಾನಿ ಪೇಪರ್ ಓದಲು ಕೊಟ್ಟರೆ ಮಾತ್ರ ಸುಸ್ತು, ಯಾಕಂದ್ರೆ ದಿನಬಳಕೆಯ ಕಾಂಜಿಗಳೇ, ಅಂದರೆ ಚೀನಾದಿಂದ ಬಂದ ಅಕ್ಷರಗಳೇ, 2,136 ಇವೆ. ಪ್ರೊಫೆಸರ್ ಹತ್ತಿರವೂ ಮನೆಮಾತೇ ಬಾಯಿಗೆ ಬರುತ್ತೆ, ಮರ್ಯಾದೆಯ ರೂಪಗಳು ಗೊತ್ತಿಲ್ಲ. ಮೊದಲ ವರ್ಷದ ಕ್ಲಾಸಲ್ಲಿ ಆಕಳಿಸ್ತಾಳೆ, ಮೂರನೇ ವರ್ಷದ್ದರಲ್ಲಿ ಓದಲಾಗದೆ ಅಳ್ತಾಳೆ.

ಲೆಕ್ಕದಮೇಷ್ಟ್ರು: ಹಾಗಾದರೆ ಕಾಂಜಿ ಕಲಿಯಲಿ ಬಿಡಿ. ಹೊಸಬರ ಕ್ಲಾಸಲ್ಲಿ ಕೂತು ಸುಲಭದ ಎ ಗ್ರೇಡ್ ಯಾಕೆ ಹೊಡೀಬೇಕು?

ರಾತ್ರಿಪಾಳಿ: ಬೇರೆ ಕ್ಲಾಸೇ ಇಲ್ಲದಿದ್ದರೆ ಎಲ್ಲಿ ಕೂರಬೇಕು ಸಾರ್? ಸ್ಯಾನ್ ಹೊಸೆಯಲ್ಲಿರೋ ನಮ್ಮಕ್ಕನ ಮಗನಿಗೂ ಕನ್ನಡ ಪೂರ್ತಿ ಅರ್ಥ ಆಗುತ್ತೆ. 'ಅ' ಬರೆಯೋಕೆ ಬರಲ್ಲ. ಅವನು ಹೊಸಬನೋ ಹಳಬನೋ ನೀವೇ ಹೇಳಿ.

ಕಾಫಿಪ್ರಿಯ: ನಿನ್ನೆ ಆ ಹುಡುಗನನ್ನೇ ಕೇಳಿದೆ. ಮುತ್ತಜ್ಜ ಹಿರೋಶಿಮಾ ಕಡೆಯವರಂತೆ. ಅವನಿಗೆ ಬರುವುದು ಬಾಚನ್, ಅಂದರೆ ಅಜ್ಜಿ, ಆಡುತ್ತಿದ್ದ ಒಂದಷ್ಟು ಪದ. ಕ್ಲಾಸಲ್ಲಿ ಒಮ್ಮೆ ಟಾಯ್ಲೆಟ್‌ಗೆ 'ಬೆಂಜೊ' ಅಂದನಂತೆ. ಟೀಚರ್ ನಕ್ಕು, ಅದು ಹಳೇ ಕಾಲದ ಒರಟು ಪದ, 'ತೊಯಿರೆ' ಅನ್ನು ಅಂದರಂತೆ. ಮನೆಯಿಂದ ತಂದಿದ್ದ ನಾಲ್ಕು ಪದದಲ್ಲಿ ಅದೂ ಒಂದು. ಆಮೇಲೆ ಅವನು ಕ್ಲಾಸಲ್ಲಿ ಬಾಯಿ ಬಿಟ್ಟಿದ್ದನ್ನು ನಾನು ನೋಡಿಲ್ಲ. ಉದಾಸೀನ ಅಂದದ್ದನ್ನು ವಾಪಸ್ ತಗೊಂಡಿದ್ದೇನೆ. ಸೋಮವಾರ ಇಬ್ಬರಿಗೂ ಕತಕಾನ ಅಕ್ಷರಗಳ ಟೆಸ್ಟ್ ಇದೆ.