ಅಪ್‌ಡೇಟ್: ದೋಣಿ ಬ್ಯಾಟರಿ ಕಡೀಗೂ ತುಂಬಿತು

ಹೋದ ತಿಂಗಳು ಕೇಳಿದ್ದೆ: ತುಂಗಭದ್ರಾ ನದಿಯ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನಾಗ ಲಂಗರು ಹಾಕಿ ರಾತ್ರಿ ಮೀನಿಗೆ ನಿಲ್ಲೋ ನಮ್ಮ ದೋಣಿಯ 150 ಎಎಚ್ (ಆಂಪಿಯರ್-ಅವರ್, ಅಂದ್ರ ಆಂಪಿಯರ್ ಗುಣಿಸು ತಾಸು) ಬ್ಯಾಟರಿ, ಐದು ತಾಸು ಜನರೇಟರ್ ಓಡಿಸಿದ್ರೂ ಯಾಕ ತುಂಬವಲ್ದು ಅಂತ.

ಕಾರಣ ಸಿಕ್ತು. ಜನರೇಟರಿನ 12 ವೋಲ್ಟ್ ಡಿಸಿ ಸಾಕೆಟ್‌ನಿಂದ ನೇರ ವೈರ್ ಎಳೆದಿದ್ದೆ. ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯೋದು) ಹಿಡಿದು ನೋಡಿದ್ರ ಬರ್ತಿದ್ದದ್ದು ಬರೇ 6 ಆಂಪಿಯರ್. ಐದು ತಾಸಿಗೆ 30 ಎಎಚ್, ಅಷ್ಟ! ಎಷ್ಟು ಪೆಟ್ರೋಲ್ ಸುಟ್ಟೆ ಅಂತ ನೆನೆಸಿಕೊಂಡ್ರ ಹೊಟ್ಟಿ ಉರೀತದ.

ಗದಗಿನ ಬ್ಯಾಟರಿ ಅಂಗಡಿ ಕಾಕಾ ಹೇಳಿದಂಗ 15 ಆಂಪಿಯರ್ ಚಾರ್ಜರ್ ತಂದು ಜನರೇಟರಿನ 230 ವೋಲ್ಟ್ ಪ್ಲಗ್ಗಿಗೆ ಹಾಕಿದೆ. ಮುಳ್ಳು ಸೀದಾ 15ಕ್ಕೆ ಹೋಗಿ ನಿಂತ್ತು. ವೋಲ್ಟೇಜ್ 14.4 ಮುಟ್ಟಿದ ಮ್ಯಾಲೆ ಆಂಪಿಯರ್ ನಿಧಾನಕ್ಕ ಇಳೀತದ; ಅಲ್ಲಿಗೆ ಜನರೇಟರ್ ಬಂದ್ ಮಾಡ್ತೀನಿ. ಉಳಿದದ್ದು ತುಂಬೋದು ಭಾಳ ತಡ, ಅದನ್ನ ವಾರಕ್ಕೊಮ್ಮೆ ಮನಿ ಕರೆಂಟಿಗೆ ಹಚ್ಚೋದು.

ಜನರೇಟರ್ ಹೊಗಿ ಮಲಗಿದವರ ಕಡೆ ಬರಬಾರದು ಅಂತ ಆಗ ಎಚ್ಚರಿಸಿದ ಅಕ್ಕಾರಿಗೆ ಶರಣು. ಈಗ ಜನರೇಟರ್ ಗಾಳಿ ಹೋಗೋ ತುದಿಗೆ ಇಡ್ತೀನಿ, ತಮ್ಮ ಮಲಗೋ ತಾಡಪತ್ರಿ ಕಡೆ ಅಲ್ಲ. ಬ್ಯಾಟರಿ ಡಬ್ಬಿ ಮುಚ್ಚಳಾನೂ ತೆಗೆದಿಡ್ತೀನಿ, ಚಾರ್ಜ್ ಆಗುವಾಗ ಬರೋ ಗ್ಯಾಸ್ ಒಳಗ ನಿಲ್ಲಬಾರದು.