ಸಹಾಯ ಬೇಕು: ಗಟ್ಟಿ ನೆಲದಲ್ಲಿ ಸಮುದಾಯ ತೋಟ

ನಮಸ್ಕಾರ. ಪಕ್ಕದ ಖಾಲಿ ಜಾಗದಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಸೇರಿ ತೋಟ ಮಾಡಬೇಕು ಅಂತಿದ್ದೀವಿ. ಮಾಲೀಕರು ಬಾಯಿಮಾತಲ್ಲಿ ಒಪ್ಪಿದ್ದಾರೆ, ಬರಹದಲ್ಲಿ ಏನೇನಿರಬೇಕು ತಿಳಿದವರು ಹೇಳಿ.

ದೊಡ್ಡ ಚಿಂತೆ ಮಣ್ಣಿನದು. ವಾಹನ ಓಡಾಡಿ ನೆಲ ಕಲ್ಲಾಗಿದೆ, ಮಳೆ ನೀರು ಇಂಗೋದೇ ಇಲ್ಲ. ಅಗೆಯೋದು ಬೇಡ, ರಟ್ಟು ಹಾಸಿ ಮೇಲೆ ಕಾಂಪೋಸ್ಟ್, ಒಣ ಎಲೆ ಹೊದಿಸಿ ಅಂತಾರೆ ಕೆಲವರು. ಇಷ್ಟು ಗಟ್ಟಿ ನೆಲಕ್ಕೆ ಅದು ಸಾಕಾ? ಅಥವಾ ಒಂದೇ ಒಂದು ಸಲ ಸಡಿಲ ಮಾಡಿ, ಸಾರಜನಕ ಕೂಡಿಸೋ ದ್ವಿದಳ ಬೆಳೆ ಬಿತ್ತಿ, ಬೇರುಗಳಿಗೇ ಉಳಿದ ಕೆಲಸ ಬಿಡೋದಾ? (ಮಣ್ಣಲ್ಲಿ ಸೀಸ ಅನ್ನೋ ವಿಷಕಾರಿ ಲೋಹ ಇದೆಯಾ ಅಂತ ಪರೀಕ್ಷೆ ಮಾಡಿಸದೆ ತಿನ್ನೋದೇನೂ ಬೆಳೆಯಲ್ಲ.)

ಇನ್ನೊಂದು, ದುಂಬಿ-ಚಿಟ್ಟೆಗಳಿಗಾಗಿ ಒಂದು ಮೂಲೆ ಹಾಗೇ ಬಿಡೋಣ ಅಂದ್ರೆ ‘ಹಾವು ಬರುತ್ತೆ’ ಅಂತ ಅರ್ಧ ಜನರ ತಕರಾರು. ನೀವು ಹೇಗೆ ಒಪ್ಪಿಸಿದ್ರಿ? ನೀರು ಹಾಕೋ ಪಾಳಿ ಹೇಗೆ ಹಂಚಿಕೊಂಡ್ರಿ?