ಕರೆಂಟ್ ಇಲ್ಲದ ಕ್ಯಾಂಪ್‌ನಲ್ಲಿ ರಾತ್ರಿ ಮೂರಕ್ಕೆ ಫರ್ನೆಸ್ ಕೈಕೊಟ್ಟಿತು, ದಯವಿಟ್ಟು ಹೇಳಿ

ಡಾಲಸ್ ದಾರಿಹೋಕ:
ನವೆಂಬರ್ ಮೊದಲ ವಾರ ಪಶ್ಚಿಮ ಟೆಕ್ಸಾಸ್‌ನ ಗ್ವಾಡಲೂಪ್ ಮೌಂಟನ್ಸ್ ನ್ಯಾಷನಲ್ ಪಾರ್ಕ್‌ಗೆ ಹೋಗಿದ್ದೆವು. ಊರಿಂದ ಅಮ್ಮ ಬಂದಿದ್ದಾರೆ. ಮೆಕಿಟ್ರಿಕ್ ಕ್ಯಾನ್ಯನ್‌ನಲ್ಲಿ ಮೇಪಲ್ ಎಲೆ ಕೆಂಪಾಗುವುದನ್ನು ಅವರಿಗೆ ತೋರಿಸಬೇಕು ಅಂತ ಆಸೆ. ಅಲ್ಲಿಯ ಪೈನ್ ಸ್ಪ್ರಿಂಗ್ಸ್ ಕ್ಯಾಂಪ್‌ನಲ್ಲಿ ಟ್ರೇಲರ್ (ಗಾಡಿಯ ಹಿಂದೆ ಎಳೆದೊಯ್ಯುವ ಪುಟ್ಟ ಮನೆ) ನಿಲ್ಲಿಸಿದ್ದೆ. ಕರೆಂಟ್, ನೀರು ಏನೂ ಜೋಡಿಸುವ ಹಾಗಿಲ್ಲ, ಗೊತ್ತಿದ್ದೇ ಹೋದೆವು.

ಮೊದಲ ರಾತ್ರಿ ಮೂರು ಗಂಟೆಗೆ ಫರ್ನೆಸ್‌ನಿಂದ, ಅಂದರೆ ಟ್ರೇಲರ್ ಬೆಚ್ಚಗಿಡುವ ಗ್ಯಾಸ್ ಹೀಟರ್‌ನಿಂದ, ಬಿಸಿ ಗಾಳಿ ಬರುವುದು ನಿಂತುಹೋಯಿತು. ಫ್ಯಾನ್ ತಿರುಗುತ್ತಿದೆ, ಬರುತ್ತಿರುವುದು ತಣ್ಣನೆ ಗಾಳಿ. ಅಮ್ಮ ಎರಡು ಕಂಬಳಿ ಹೊದ್ದು, ಮಂಕಿ ಕ್ಯಾಪ್ ಹಾಕಿಕೊಂಡು ಬೆಳಗಿನವರೆಗೂ ಕೂತೇ ಇದ್ದರು. ನೋಡಿ ಹೊಟ್ಟೆ ಉರಿಯಿತು. ಎರಡನೇ ರಾತ್ರಿ ಹನ್ನೊಂದಕ್ಕೇ ಮತ್ತೆ ಅದೇ. ಮಾರನೇ ದಿನ ವಾಪಸ್ ಹೊರಟೆವು. ಮನೆ ಮುಂದೆ ಪ್ಲಗ್ ಚುಚ್ಚಿ ಹಾಕಿದರೆ ಚೆನ್ನಾಗಿ ಓಡುತ್ತದೆ! ಮಾರಿದವರು ‘ಎಲ್ಲಾ ಸರಿ ಇದೆ’ ಅಂತ ಕಳಿಸಿದರು. ಗ್ಯಾಸ್ ತುಂಬಿದೆ. ಏನಿರಬಹುದು?

ಗ್ಯಾಸ್ ಗುರು:
ಎತ್ತರ ಸಾರ್, ಬೇರೇನೂ ಅಲ್ಲ. ಪೈನ್ ಸ್ಪ್ರಿಂಗ್ಸ್ 5,800 ಅಡಿ ಮೇಲಿದೆ. ಗಾಳಿ ತೆಳು, ಉರಿ ಹಿಡಿಯಲ್ಲ. ರೆಗ್ಯುಲೇಟರ್ ಒತ್ತಡ 11 ಇಂಚು (ನೀರಿನ ಮಟ್ಟದ ಲೆಕ್ಕದಲ್ಲಿ) ಇದೆಯಾ ನೋಡಿ.

ಡಾಲಸ್ ದಾರಿಹೋಕ:
ಎತ್ತರವೇ ಕಾರಣ ಆದರೆ ಸಂಜೆಯಿಂದ ಮೂರರವರೆಗೆ ಹೇಗೆ ಉರಿಯಿತು?

ಗ್ಯಾಸ್ ಗುರು:
ರಾತ್ರಿ ಚಳಿ ಜಾಸ್ತಿ ಆಗುತ್ತೆ, ಸಿಲಿಂಡರ್‌ನಲ್ಲಿ ಒತ್ತಡ ಇಳಿಯುತ್ತೆ. ರೆಗ್ಯುಲೇಟರ್ ಬದಲಿಸಿ. ನಾನು ಬದಲಿಸಿದ ಮೇಲೆ ಒಂದು ದಿನವೂ ತೊಂದರೆ ಕೊಟ್ಟಿಲ್ಲ.

ಹಳೇ ವೈರ್‌ಮನ್:
ಸಿಲಿಂಡರ್‌ನಲ್ಲಿರುವ ಪ್ರೊಪೇನ್ ಮೈನಸ್ 42 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿದು ಗ್ಯಾಸ್ ಆಗುತ್ತದೆ. ಟೆಕ್ಸಾಸ್ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ. ದಾರಿಹೋಕ ಅವರೇ, ಆಗ ಅದೇ ಗ್ಯಾಸಿನ ಒಲೆ ಉರಿಯುತ್ತಿತ್ತಾ?

ಡಾಲಸ್ ದಾರಿಹೋಕ:
ಹೌದು. ಅಮ್ಮನಿಗೆ ಹಾಲು ಕಾಯಿಸಿಕೊಟ್ಟೆ. ಉರಿ ನೀಲಿಯಾಗಿತ್ತು.

ಮೂಡಿಗೆರೆ ಮಳೆ:
ಅಲ್ಲಿಯ ಗಾಳಿ ಯಾರಿಗೂ ನೆನಪಿಲ್ವಾ? ನಾವು ಮಾರ್ಚ್‌ನಲ್ಲಿ ಹೋದಾಗ ಟ್ರೇಲರ್ ರಾತ್ರಿಯಿಡೀ ತೊಟ್ಟಿಲಿನ ಹಾಗೆ ತೂಗಿತು. ಫರ್ನೆಸ್ಸಿನ ಹೊರಬಾಯಿ ಗಾಳಿಗೆ ಎದುರಾಗಿದ್ದರೆ ಉರಿ ಆರುತ್ತದೆ. ಅಂದಹಾಗೆ ಮೂರು ಗಂಟೆ ಅಂದಿರಲ್ಲ, ಯಾವ ಟೈಮ್? ಆ ಪಾರ್ಕ್ ಮೌಂಟನ್ ಟೈಮ್‌ನಲ್ಲಿದೆ, ಡಾಲಸ್‌ಗಿಂತ ಒಂದು ಗಂಟೆ ಹಿಂದೆ.

ಡಾಲಸ್ ದಾರಿಹೋಕ:
ಆ ಎರಡು ರಾತ್ರಿ ಎಲೆಯೂ ಅಲ್ಲಾಡಲಿಲ್ಲ. ಟೈಮ್ ಯಾವುದಾದರೇನು ಸ್ವಾಮಿ, ಅಮ್ಮ ನಡುಗುತ್ತಿದ್ದರು.

ಹಳೇ ವೈರ್‌ಮನ್:
ಬ್ಯಾಟರಿ ಎಷ್ಟು? ಫ್ರಿಜ್ ಯಾವ ತರಹದ್ದು?

ಡಾಲಸ್ ದಾರಿಹೋಕ:
ಬ್ಯಾಟರಿ ಹೊಸದು, ಟ್ರೇಲರ್ ಜೊತೆ ಬಂದದ್ದು. ಅದು ಕಾರಣ ಅಲ್ಲ, ಲೈಟ್ ಎಲ್ಲಾ ಉರಿಯುತ್ತಿತ್ತು. ಫ್ರಿಜ್ ಮಾಮೂಲಿ, 12 ವೋಲ್ಟ್‌ದು. ಮೇಲೆ 100 ವ್ಯಾಟ್ ಸೋಲಾರ್ ಇದೆ.

ಹಳೇ ವೈರ್‌ಮನ್:
ಇದನ್ನು ಮೊದಲೇ ಹೇಳಿದ್ದರೆ ಇಷ್ಟು ಸುತ್ತುವುದು ಬೇಕಿರಲಿಲ್ಲ. ಎಲ್‌ಇಡಿ ಲೈಟ್ ಬ್ಯಾಟರಿ ಸೋತ ಮೇಲೂ ಉರಿಯುತ್ತದೆ.

ಲೆಕ್ಕ ನೋಡಿ. ಟ್ರೇಲರ್ ಜೊತೆ ಕೊಡುವ ಬ್ಯಾಟರಿ ಸಾಮಾನ್ಯವಾಗಿ 80 ಆಂಪಿಯರ್ ಅವರ್ (1 ಆಂಪಿಯರ್‌ನಂತೆ ಎಳೆದರೆ 80 ಗಂಟೆ). ಲೆಡ್ ಆಸಿಡ್ ಆದರೆ ಅರ್ಧವೇ ಬಳಸಬೇಕು, ಅಂದರೆ 40. ಫರ್ನೆಸ್ ಫ್ಯಾನ್ ಸುಮಾರು 8 ಆಂಪಿಯರ್ ಎಳೆಯುತ್ತದೆ. ಆ ಚಳಿಗೆ ಅರ್ಧ ಹೊತ್ತು ಓಡಿದರೂ ಗಂಟೆಗೆ 4. ಫ್ರಿಜ್‌ಗೆ ಗಂಟೆಗೆ 2 ಇಟ್ಟುಕೊಳ್ಳಿ. ಸಂಜೆ ಎಂಟರಿಂದ ಮೂರರವರೆಗೆ ಏಳು ಗಂಟೆ. ಒಟ್ಟು 42. ಹಗಲು ಸೋಲಾರ್ ಕೊಟ್ಟದ್ದನ್ನೆಲ್ಲ ಫ್ರಿಜ್ಜೇ ನುಂಗಿತು. ಅದಕ್ಕೇ ಎರಡನೇ ರಾತ್ರಿ ಹನ್ನೊಂದಕ್ಕೇ ಮುಗಿಯಿತು.

ವೋಲ್ಟೇಜ್ ಇಳಿದರೆ ಫ್ಯಾನ್ ನಿಧಾನ ಆಗುತ್ತದೆ. ಒಳಗೆ ಸೇಲ್ ಸ್ವಿಚ್ ಅಂತ ಒಂದು ತೆಳು ರೆಕ್ಕೆ ಇದೆ. ಗಾಳಿ ಅದನ್ನು ತಳ್ಳಿದರೆ ಮಾತ್ರ ಗ್ಯಾಸ್ ಬಿಡುತ್ತದೆ. ಗಾಳಿ ಸಾಲದಿದ್ದರೆ ಫ್ಯಾನ್ ತಿರುಗುತ್ತದೆ, ಉರಿ ಹತ್ತಲ್ಲ.

ಡಬಲ್ ಆಕ್ಸಲ್:
ನನ್ನ ಹತ್ತಿರ 400 ಆಂಪಿಯರ್ ಅವರ್ ಲಿಥಿಯಂ, ಮೇಲೆ 600 ವ್ಯಾಟ್ ಸೋಲಾರ್. ಬಿಗ್ ಬೆಂಡ್ ನ್ಯಾಷನಲ್ ಪಾರ್ಕ್‌ನ ಚಿಸೋಸ್ ಬೇಸಿನ್‌ನಲ್ಲಿ ಮೂರು ದಿನ ಇಂಡಕ್ಷನ್ ಮೇಲೆ ದೋಸೆ ಹುಯ್ದಿದ್ದೇವೆ. ಲಿಥಿಯಂ ಹಾಕಿಸಿ, ನೆಮ್ಮದಿ.

ಮೂಡಿಗೆರೆ ಮಳೆ:
ಚಿಸೋಸ್ ರಸ್ತೆಗೆ 20 ಅಡಿ ದಾಟಿದ ಟ್ರೇಲರ್ ತರಬೇಡಿ ಅಂತ ಪಾರ್ಕ್‌ನವರೇ ಹೇಳುತ್ತಾರೆ. ನಿಮ್ಮದು 26 ಅಡಿ ಅಲ್ವಾ? ಆ ತಿರುವುಗಳಲ್ಲಿ ಎದುರು ಬರುವವರ ಗತಿ?

ಡಬಲ್ ಆಕ್ಸಲ್:
ಆಗ ಹಳೇ ಟ್ರೇಲರ್, 19 ಅಡಿ. ತಿಳಿಯದೆ ಮಾತಾಡಬೇಡಿ.

ಹಳೇ ವೈರ್‌ಮನ್:
ಲಿಥಿಯಂ ಒಳ್ಳೆಯದೇ. ಆದರೆ ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಬಾರದು. ದಾರಿಹೋಕ ಅವರ ಬ್ಯಾಟರಿ ಹೊರಗೆ, ಮುಂದಿನ ಕೊಕ್ಕೆಯ ಹತ್ತಿರ ಇರಬೇಕು. ಅದನ್ನೂ ಯೋಚಿಸಿ. ಮೊದಲು ಮನೆಯಲ್ಲೇ ಪ್ಲಗ್ ಕಿತ್ತು ಒಂದು ರಾತ್ರಿ ಓಡಿಸಿ ನೋಡಿ.

ಡಾಲಸ್ ದಾರಿಹೋಕ:
ನಿನ್ನೆ ಓಡಿಸಿದೆ. ಪ್ಲಗ್ ಕಿತ್ತೆ, ಫ್ರಿಜ್ ಹಾಕೇ ಇತ್ತು. ಮೀಟರ್ ಹಿಡಿದು ಹೊರಗೆ ಕೂತೆ. ಎರಡು ಗಂಟೆ ಸುಮಾರಿಗೆ ಫ್ಯಾನಿನ ಸದ್ದು ಇಳಿದದ್ದು ಕಿವಿಗೇ ಗೊತ್ತಾಯಿತು. ಟಿಕ್ ಟಿಕ್ ಅನ್ನುವ ಕಿಡಿ ಸದ್ದು ಬರಲೇ ಇಲ್ಲ. ಮೀಟರ್‌ನಲ್ಲಿ 10.6 ವೋಲ್ಟ್. ಮತ್ತೆ ಪ್ಲಗ್ ಹಾಕಿದೆ, ಫ್ಯಾನ್ ಜೋರಾಯಿತು, ಟಿಕ್ ಟಿಕ್, ಭುಸ್ ಅಂತ ಉರಿ ಹತ್ತಿತು. ವೈರ್‌ಮನ್ ಸಾರ್, ನೀವು ಹೇಳಿದ್ದೇ ನಿಜ.

ಗ್ಯಾಸ್ ಗುರು:
ಆದರೂ ರೆಗ್ಯುಲೇಟರ್ ಒಂದು ಸಲ ನೋಡಿಸಿ.

ಡಾಲಸ್ ದಾರಿಹೋಕ:
ನೋಡಿಸುತ್ತೇನೆ. ಅಮ್ಮ ಜನವರಿಯಲ್ಲಿ ಊರಿಗೆ ಹೋಗುತ್ತಾರೆ. ಅಷ್ಟರೊಳಗೆ ಒಮ್ಮೆ ಅಲ್ಲಿಗೇ ಕರೆದುಕೊಂಡು ಹೋಗಿ ಬೆಚ್ಚಗೆ ಮಲಗಿಸಬೇಕು. 6 ವೋಲ್ಟ್‌ನ ಎರಡು ಗಾಲ್ಫ್ ಕಾರ್ಟ್ ಬ್ಯಾಟರಿ ಹಾಕಲಾ?

ಹಳೇ ವೈರ್‌ಮನ್:
ಹಾಕಿ. ಸರಣಿಯಲ್ಲಿ ಜೋಡಿಸಿದರೆ 12 ವೋಲ್ಟ್, 200ಕ್ಕೂ ಜಾಸ್ತಿ ಆಂಪಿಯರ್ ಅವರ್ ಸಿಗುತ್ತದೆ. ಎರಡೂ ಸೇರಿ 120 ಪೌಂಡ್ ಹತ್ತಿರ ತೂಕ, ಎತ್ತರವೂ ಜಾಸ್ತಿ. ಈಗಿನ ಡಬ್ಬಿಯಲ್ಲಿ ಕೂರಲ್ಲ. ಮುಂದಿನ ಚೌಕಟ್ಟಿನಲ್ಲಿ ಎಷ್ಟು ಇಂಚು ಜಾಗ ಇದೆ, ಅಳೆದು ಹೇಳಿ.